ಲಿಲ್ಲಿ ಬಾಯಮ್ಮನ ಕೋವಿಗೆ ಸೀಸವಿಲ್ಲದ ಚರೆ

ಆಗ ನನಗೆ ಅರವತ್ತೆರಡು. ಈ ಮಾತಿಗೆ ಏಳು ವರ್ಷವಾಯಿತು. ಆ ಪ್ರಾಯಕ್ಕೆ ಹೆಂಗಸರಿಗೆ ಹೊಟ್ಟೆಕಿಚ್ಚು ಇರುವುದಿಲ್ಲ, ಮಂಡಿನೋವು ಮಾತ್ರ ಇರುತ್ತದೆ ಎಂದು ಹೇಳುವವರಿದ್ದಾರೆ. ಅವರು ಇನ್ನೂ ಆ ಪ್ರಾಯಕ್ಕೆ ಬಂದಿಲ್ಲ. ನನಗೆ ಎರಡೂ ಇದ್ದವು, ಮಂಡಿನೋವಿಗಾದರೂ ಎಣ್ಣೆ ಇತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನನ್ನ ಹೊಟ್ಟೆಕಿಚ್ಚಿಗೆ ಕಾರಣ ಒಂದು ಹೆಂಗಸು ಮತ್ತು ಒಂದು ಕೋವಿ. ಕೋವಿಯನ್ನು ನಾನು ಕಂಡದ್ದು ಫೋನಿನ ಪಟದಲ್ಲಿ. ಹೆಂಗಸನ್ನು ದಿನಾ ಕಾಣಬೇಕಾಗಿತ್ತು.

ನಮ್ಮವರು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಲೇತ್ ಮೆಷಿನಿನ ಕೆಲಸ ಮಾಡುತ್ತಿದ್ದರು. ಕೆಳಗೆ ವರ್ಕ್‌ಶಾಪು, ಅದರ ಮೇಲಿನ ಮಾಳಿಗೆಯಲ್ಲಿ ನಾವು. ಊರಿಗೆ ಹೋಗುವ ಎಂದರೆ ಅವರ ಕಫೀಲ್, ಎಂದರೆ ವೀಸಾ ಕೊಟ್ಟ ಅರಬಿ ಧಣಿ, ಬಿಡುತ್ತಿರಲಿಲ್ಲ. ವಾಸು ಹೋದರೆ ಮೆಷಿನು ಖಲಾಸ್ ಎನ್ನುತ್ತಿದ್ದ. ಮೆಷಿನಿನ ಜೊತೆ ಇದ್ದು ಇದ್ದು ನಮ್ಮವರಿಗೆ ಮನುಷ್ಯರ ಮಾತು ಮರೆತುಹೋಗಿತ್ತು. ಮನೆಯಲ್ಲಿ ದಿನಕ್ಕೆ ಮೂರು ಮಾತು: ಚಾ, ಉಪ್ಪು, ಹೂಂ. ಉಪ್ಪು ಸರಿಯಾಗಿದ್ದ ದಿನ ಎರಡೇ.

ಹೀಗಿರುವಾಗ ಮೂರನೇ ಮಾಳಿಗೆಗೆ ಲಿಲ್ಲಿ ಬಾಯಮ್ಮ ಬಂದರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ನರ್ಸು, ಐವತ್ತೈದರ ಆಸುಪಾಸು. ಇಂಗ್ಲೆಂಡಿನಲ್ಲಿದ್ದಾಗ ಅಲ್ಲಿಯವನನ್ನೇ ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದವರು. ಅಲ್ಲಿಯ ಮನೆಯಲ್ಲಿ ಗಂಡನ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತಂತೆ. ಮದ್ದು, ನಾರಿನ ಕತ್ತ, ಚರೆಯ ಸಣ್ಣ ಗುಂಡು ಎಲ್ಲವನ್ನೂ ನಳಿಗೆಯ ತುದಿಯಿಂದಲೇ ಹಾಕಿ ಗಜದ ಕೋಲಿನಿಂದ ಜಡಿಯಬೇಕಾದ ಹಳೇ ಕೋವಿ. ಗಂಡ ಪ್ರತಿ ಚಳಿಗಾಲ ಹೊಳೆಯ ಬದಿಗೆ ಹೋಗಿ ಅದರಲ್ಲಿ ಕಾಡುಬಾತು ಹೊಡೆಯುತ್ತಿದ್ದನಂತೆ. ಈ ಸಲದ ರಜೆಯಲ್ಲಿ ತಾನೂ ಅದೇ ಹೊಳೆಯ ಬದಿಯಲ್ಲಿ ನಿಂತು ಒಂದಾದರೂ ಈಡು ಹಾರಿಸಬೇಕು ಎಂದು ಬಾಯಮ್ಮನ ಆಸೆ. ಗಜದ ತುದಿಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕಡೆಸಿಕೊಳ್ಳಲು ವರ್ಕ್‌ಶಾಪಿಗೆ ಇಳಿದು ಕೋವಿಯ ಪಟ ತೋರಿಸಿದರು. "ಓ, ಇದು ನಮ್ಮ ಕೇಪಿನ ಕೋವಿ ಅಲ್ವಾ!" ಎಂದರಂತೆ ನಮ್ಮವರು; ಊರಿನ ಮನೆಯಲ್ಲಿ ನಮಗೂ ಅಂಥದೇ ಒಂದಿತ್ತು. ಅಷ್ಟೇ. ಅಂದು ಸಂಜೆ ಅವರನ್ನು ಮನೆಗೇ ಕರೆದುಕೊಂಡು ಬಂದರು. ಆಮೇಲೆ ದಿನಾ ಸಂಜೆ ಅದೇ ಆಯಿತು.

ನಾನು ಚಾ ಮಾಡಬೇಕು, ಅವರು ಮಾತಾಡಬೇಕು. ಮೊದಲ ವಾರ ಸೀಸದ ವಿಷಯ. "ಅಲ್ಲಿ ಬಾತಿಗೆ ಸೀಸದ ಚರೆ ಹೊಡೆಯುವ ಹಾಗಿಲ್ಲ ವಾಸಣ್ಣ, ಕಾನೂನು ಉಂಟು" ಎಂದರು ಬಾಯಮ್ಮ.

"ಎಂತಕ್ಕೆ? ಬಾತು ಹೇಗೂ ಸಾಯ್ತದಲ್ಲ! ಸೀಸದಲ್ಲಿ ಸತ್ತರೆಂತ, ಚಿನ್ನದಲ್ಲಿ ಸತ್ತರೆಂತ?"

ಇಬ್ಬರೂ ನಕ್ಕರು. ನಮ್ಮವರ ಬಾಯಲ್ಲಿ ಅಷ್ಟು ಹಲ್ಲು ಉಳಿದಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಬಾಯಮ್ಮ ಬಿಡಿಸಿ ಹೇಳಿದರು: ಹಕ್ಕಿಗೆ ತಾಗದ ಚರೆ ನೀರಿಗೆ ಬೀಳುತ್ತದೆ, ಬೇರೆ ಬಾತುಗಳು ಅದನ್ನು ಹರಳೆಂದು ನುಂಗುತ್ತವೆ, ವಿಷವೇರಿ ಸಾಯುತ್ತವೆ. ಕೋಳಿಯ ಹೊಟ್ಟೆ ಬಗೆದು ಮರಳು ತೊಳೆದ ನನಗೆ ಇದು ಕೂಡಲೇ ಅರ್ಥವಾಯಿತು. ಆಮೇಲೆ ಊರಿನ ನಮ್ಮ ಅಡುಗೆಮನೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಗದ್ದೆಗೆ ಬರುವ ನೀರುಕೋಳಿಗೆಂದು ನಾನು ಸೀಸ ಕರಗಿಸಿ ಚರೆ ಮಾಡುತ್ತಿದ್ದದ್ದು ಒಗ್ಗರಣೆ ಸೌಟಿನಲ್ಲಿ. ಮತ್ತೆ ಅದನ್ನೇ ಬೂದಿ ಹಾಕಿ ತಿಕ್ಕಿ ಸಾಸಿವೆ ಸಿಡಿಸುತ್ತಿದ್ದೆ. ಅತ್ತೆಯವರು ಆ ಒಗ್ಗರಣೆಯನ್ನೇ ಉಂಡು ತೊಂಬತ್ತು ದಾಟಿದರು, ಅದು ಬೇರೆ ಮಾತು. ಅವರಿಗೆ ಯಾವ ವಿಷವೂ ತಾಗುತ್ತಿರಲಿಲ್ಲ.

ಹೌದು, ಊರಿನ ನಮ್ಮ ಮನೆಯಲ್ಲಿ ಈಡಿನ ಕೆಲಸವೆಲ್ಲ ನನ್ನದಾಗಿತ್ತು. ತೆಂಗಿನ ನಾರು ಗುದ್ದಿ, ಉಂಡೆ ಕಟ್ಟಿ ಕತ್ತ ಮಾಡುವವಳು ನಾನು. ನಶ್ಯದ ಡಬ್ಬಿಯ ಮುಚ್ಚಳದಲ್ಲಿ ಮದ್ದು ಅಳೆದು ಒಂದೊಂದು ಈಡಿನ ಪೊಟ್ಟಣ ಕಟ್ಟಿಡುವವಳೂ ನಾನು. ಇವರದ್ದು ಜಡಿಯುವುದು, ಹಾರಿಸುವುದು, ಹೊಗೆಯಲ್ಲಿ ಕೆಮ್ಮುವುದು. ಆದರೆ ಬಾಯಮ್ಮನ ಎದುರು? "ನಾನು ಕತ್ತ ಗಟ್ಟಿ ಮಾಡ್ತಿದ್ದೆ ಬಾಯಮ್ಮ. ಅಳತೆಯಲ್ಲೇ ಇರುವುದು ಎಲ್ಲ." ನನ್ನ ಕೈಯ ಚಾ ಕುಡಿಯುತ್ತಾ ಇವರು ಹೀಗೆ ಹೇಳಿದರು! "ಅಬ್ಬ ವಾಸಣ್ಣ, ನಿಮಗೆ ಎಷ್ಟು ಗೊತ್ತುಂಟು!" ಎಂದರು ಆ ಬಾಯಮ್ಮ. ಅಣ್ಣ ಎಂದರೆ ಆಯಿತೇ? ನಾನೂ ಮದುವೆಗೆ ಮೊದಲು ಇವರನ್ನು ವಾಸಣ್ಣ ಎಂದೇ ಕರೆಯುತ್ತಿದ್ದದ್ದು.

ಎರಡನೇ ವಾರದಲ್ಲಿ ನಮ್ಮವರು ಮೀಸೆಗೆ ಕಪ್ಪು ಹಚ್ಚಿದರು. ಮೂರನೇ ವಾರದಲ್ಲಿ ಒಣಮೀನು ಸುಡಬೇಡ, ಕೋಣೆ ನಾರುತ್ತದೆ ಎಂದರು. ಸುಟ್ಟೆ. ಎರಡು ಹೆಚ್ಚೇ ಸುಟ್ಟೆ. ಬಾಯಮ್ಮ ಬಂದವರು ಮೂಗರಳಿಸಿ, "ಗಿರಿಜಕ್ಕ, ಎಷ್ಟು ಸಮಯವಾಯ್ತು ಇದನ್ನು ತಿನ್ನದೆ!" ಎಂದು ನನ್ನ ಪಾಲನ್ನೂ ತಿಂದರು.

ಕೊನೆಗೆ ಮಾತು ಬಂದದ್ದು ಸೀಸದ ಬದಲಿಗೆ ಯಾವ ಚರೆ ಎಂಬಲ್ಲಿಗೆ. ಅಲ್ಲಿಯ ಕೋವಿ ಅಂಗಡಿಯವನು ಬಿಸ್ಮತ್ ಎಂಬ ಲೋಹದ್ದು ಹಾಕಿ, ಅದು ಮೆತ್ತಗೆ, ಹಳೇ ನಳಿಗೆಗೆ ಅದೇ ಒಳ್ಳೆಯದು ಎಂದಿದ್ದನಂತೆ. ನಮ್ಮವರಿಗೆ ಅದು ಹಿಡಿಸಲಿಲ್ಲ. "ಮೆತ್ತಗಿನದ್ದು ಎಂತಕ್ಕೆ ಬಾಯಮ್ಮ? ಅವನಿಗೆ ವ್ಯಾಪಾರ ಆಗ್ಬೇಕು, ಹೇಳ್ತಾನೆ. ನಾನು ಕೊಡ್ತೇನೆ ನೋಡಿ, ಉಕ್ಕು."

ಬಾಯಮ್ಮ ಹೊರಡುವ ಮುಂಚಿನ ದಿನ ಶುಕ್ರವಾರ. ಮಧ್ಯಾಹ್ನ ನಮ್ಮಲ್ಲೇ ಊಟ. ನಾನೇ ಕೋಳಿ ಸಾರು ಹಾಕಿ ತಿನ್ನುವ ಕೋರಿ ರೊಟ್ಟಿ ಮಾಡಿದ್ದೆ. ಊಟದ ನಡುವೆಯೇ ನಮ್ಮವರು ಒಂದು ಪೊಟ್ಟಣ ತಂದು ಅವರ ಕೈಗಿಟ್ಟರು. ಒಳಗೆ ಬೇರಿಂಗಿನ ಗುಂಡುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು, ಹೊಳೆಯುತ್ತಿದ್ದವು. ಅವು ಎಂತ ಮಾಡುತ್ತವೆ ಎಂದು ನನಗೆ ಗೊತ್ತಿತ್ತು. ಏಕೆಂದರೆ ಊರಿನಲ್ಲಿ ಒಂದು ವರ್ಷ ಸೀಸ ಸಿಗದೆ ಇವರು ಸೈಕಲ್ಲಿನ ಬೇರಿಂಗ್ ಗುಂಡು ತುಂಬಿದ್ದರು. ಆ ಗಟ್ಟಿ ಉಕ್ಕಿಗೆ ಹಳೇ ನಳಿಗೆ ತಾಳದೆ ಸೀಳಿತು, ಇವರ ಎಡಗೈಗೆ ಏಳು ಹೊಲಿಗೆ ಬಿತ್ತು. ತಪ್ಪು ಗುಂಡಿನದ್ದಲ್ಲ, ನೀನು ಕಟ್ಟಿದ ಕತ್ತದ್ದು ಎಂದು ಆಸ್ಪತ್ರೆಯಲ್ಲೇ ನನಗೆ ಬೈದಿದ್ದರು. ಬೈದದ್ದನ್ನು ಅವರೇ ನಂಬಿಬಿಟ್ಟಿದ್ದರು. ಬಾಯಮ್ಮ ಆ ಗಾಯದ ಗುರುತನ್ನು ಕೇಳಿದಾಗ ಕಾಡುಹಂದಿ ಕಚ್ಚಿದ್ದು ಎಂದಿದ್ದರು.

"ವಾಸಣ್ಣ ಹೇಳಿದ ಮೇಲೆ ಮುಗಿಯಿತು. ಅಂಗಡಿಯವನಿಗೆ ಬಿಸ್ಮತ್ ಬೇಡ ಅಂತ ಈಗಲೇ ಹೇಳ್ತೇನೆ" ಎಂದು ಬಾಯಮ್ಮ ನನ್ನೆದುರೇ ಫೋನು ಮಾಡಿದರು.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇನ್ನೂ ಸ್ವಲ್ಪ ಸಾರು ಹಾಕಲೇ ಎಂದು ಕೇಳಿದೆ. ಸೀಳಲಿ, ಇವರ ಬುದ್ಧಿ ಎಷ್ಟೆಂದು ಗೊತ್ತಾಗಲಿ ಎಂದು ಮನಸ್ಸಿನಲ್ಲಿತ್ತು. ಆಗ ಕೋವಿಯನ್ನು ಮಾತ್ರ ನೆನೆದೆ ಎಂದರೆ ಸುಳ್ಳಾಗುತ್ತದೆ. ಬಾಯಮ್ಮನ ಕೈಯೂ ನೆನಪಿಗೆ ಬಂದಿತ್ತು, ಬಳೆಯಿಲ್ಲದ ಬಿಳೀ ಕೈ.

ಮರುದಿನ ಬೆಳಿಗ್ಗೆ ನಮ್ಮವರು ಕೆಲಸಕ್ಕೆ ಇಳಿದದ್ದೇ, ನಾನು ಮಂಡಿ ಹಿಡಿದುಕೊಂಡು ಮೂರನೇ ಮಾಳಿಗೆ ಹತ್ತಿದೆ. ಬಾಯಮ್ಮ ಪೆಟ್ಟಿಗೆ ಕಟ್ಟುತ್ತಿದ್ದರು. "ಆ ಪೊಟ್ಟಣ ಕೊಡಿ" ಎಂದೆ. ಹಂದಿಯೂ ಇಲ್ಲ ಎಂತದ್ದೂ ಇಲ್ಲ, ಏಳು ಹೊಲಿಗೆ ಈ ಗುಂಡಿನದ್ದೇ ಎಂದು ಎಲ್ಲ ಹೇಳಿದೆ. ಅವರು ಹೆದರಿ ನನ್ನೆದುರೇ ಅಂಗಡಿಯವನಿಗೆ ಮತ್ತೆ ಫೋನು ಹಚ್ಚಿ ಬಿಸ್ಮತ್ ತೆಗೆದಿಡಲು ಹೇಳಿದರು. ಆಮೇಲೆ ನನ್ನನ್ನೇ ನೋಡಿ, "ಹಾಗಾದರೆ ಕತ್ತ, ಅಳತೆ ಎಲ್ಲ ನಿಮ್ಮದಾ ಗಿರಿಜಕ್ಕ?" ಎಂದರು.

"ಮತ್ತೆ ಯಾರದ್ದು?"

ಕುರ್ಚಿ ಎಳೆದು ಕೂರಿಸಿದರು, ಚಾ ಕೊಟ್ಟರು. ನನಗೆ ಇನ್ನೊಬ್ಬರು ಚಾ ಮಾಡಿ ಕೊಟ್ಟು ಎಷ್ಟು ಕಾಲವಾಗಿತ್ತೋ. ಕೇಳಿದ್ದನ್ನೆಲ್ಲ ಹೇಳಿದೆ, ಕೇಳದ್ದನ್ನೂ ಹೇಳಿದೆ. ಬಾಯಮ್ಮ ಕಣ್ಣರಳಿಸಿ, "ನೀವೂ ಹೊಡೆದದ್ದುಂಟಾ?" ಎಂದರು.

ನಾನು ಜನ್ಮದಲ್ಲಿ ಕೋವಿಯ ಕುದುರೆ ಎಳೆದವಳಲ್ಲ.

"ಎಂತ ಕೇಳ್ತೀರಿ ಬಾಯಮ್ಮ," ಎಂದೆ, "ಒಂದೇ ಈಡಿಗೆ ಐದು ನೀರುಕೋಳಿ."