ಅಜ್ಜಿಯ ಹಲ್ಲಿಗೆ ನಾನು ಬರೆದ ಎರಡು ಸಾಲು

“ಹಾಗಾದ್ರೆ ಇನ್ಮೇಲೆ ನಾನು ಡೈರಿ ಬರೀಲೇಬಾರ್ದು ಅಂತೀಯಾ?”

“ಬರೀಲೇಬಾರ್ದು ಅಜ್ಜಿ. ಈ ಮನೇಲಿ ಇನ್ಮೇಲೆ ಯಾರೂ ಏನನ್ನೂ ನೆನಪಿಟ್ಕೊಳ್ಳೋ ಹಾಗಿಲ್ಲ. ಎಲ್ಲಾ ನನ್ನ ಲ್ಯಾಪ್‌ಟಾಪ್ ನೋಡ್ಕೊಳ್ಳುತ್ತೆ.”

ಇಷ್ಟು ಹೇಳುವಾಗ ನನ್ನ ಗತ್ತು ನೀವು ನೋಡಬೇಕಿತ್ತು! ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೀಬೋರ್ಡಿನ ಮೇಲೆ, ದೃಷ್ಟಿ ದೂರದ ಗೋಡೆಯ ಮೇಲೆ. ಕ್ಯಾಲೆಂಡರ್ ಆ್ಯಪ್ ತೆರೆದು, ಬಣ್ಣಬಣ್ಣದ ಚೌಕಗಳನ್ನು ಒತ್ತಿ, ಗಂಟೆಯ ಚಿತ್ರ ಆರಿಸಿಕೊಳ್ಳುವುದೆಲ್ಲ ಸಾಮಾನ್ಯ ಪ್ರಜೆಗಳ ಪಾಡು. ನಾವು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದವರು. ಮೌಸನ್ನು ಆಚೆ ತಳ್ಳುತ್ತೇವೆ, ಕಪ್ಪು ಪರದೆ ತೆರೆಯುತ್ತೇವೆ, ಬರೀ ಅಕ್ಷರಗಳಲ್ಲಿ ಆಜ್ಞೆ ಹೊರಡಿಸುತ್ತೇವೆ. ಆ ಪರದೆಯ ಮುಂದೆ ಕೂತರೆ ನನಗೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಈಗ ವಿಷಯ ಏನೆಂದರೆ, ಅಜ್ಜಿಯ ಹಲ್ಲು.

ಅಜ್ಜಿ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಮಾಡಿ, ಅದರಲ್ಲಿ ಹನ್ನೆರಡು ವರ್ಷ ಹೆಡ್‌ಮಿಸ್ ಆಗಿದ್ದು ನಿವೃತ್ತಿಯಾದವಳು. ಮೂರು ತಿಂಗಳ ಹಿಂದೆ ಉಳಿದಿದ್ದ ಹಲ್ಲುಗಳನ್ನೂ ಕೀಳಿಸಿದರು. ಹೊಸ ಸೆಟ್ಟಿಗೆ ಅಳತೆ ಕೊಟ್ಟದ್ದಾಗಿತ್ತು, ಸೆಟ್ಟು ತಯಾರಾಗಿ ಡಬ್ಬಿಯಲ್ಲಿ ಕೂತಿತ್ತು. ಆದರೆ ಅದನ್ನು ಬಾಯಿಗೆ ಕೂರಿಸುವ ಡಾಕ್ಟರಮ್ಮ ಬೇರೆ ಊರಿನವರು. ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಅವರು ಬರುವುದು ತಿಂಗಳಿಗೆ ಒಂದೇ ಸಲ, ಮೊದಲನೇ ಮಂಗಳವಾರ. ಈ ಸಲ ಅದು ಆರನೇ ತಾರೀಖು. ಹದಿನೇಳಕ್ಕೆ ಅಜ್ಜಿಯ ಹಳೇ ಶಾಲೆಯ ಟೀಚರುಗಳೆಲ್ಲ ಒಂದು ಕಡೆ ಸೇರುವವರಿದ್ದರು, ಭಾಷಣ ಅಜ್ಜಿಯದು. ಎದುರಿಗೆ ಮೊದಲ ಸಾಲಿನಲ್ಲಿ ಕೂರುವವರು ಗಣಿತದ ಮಿಸ್. ಅವರಿಗೂ ಅಜ್ಜಿಗೂ ಟೈಂಟೇಬಲ್ ವಿಷಯದಲ್ಲಿ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ, ಮತ್ತು ಅವರ ಹಲ್ಲುಗಳು ಇಂದಿಗೂ ಅವರವೇ. ಆದ್ದರಿಂದ ಆರನೇ ತಾರೀಖು ತಪ್ಪುವ ಹಾಗಿರಲಿಲ್ಲ. ತಪ್ಪಿದರೆ ಅಜ್ಜಿ ಬೋಳು ವಸಡಿನಲ್ಲಿ ವೇದಿಕೆ ಹತ್ತಬೇಕು.

ಇಂಥ ರಾಷ್ಟ್ರೀಯ ಮಹತ್ವದ ಕೆಲಸವನ್ನು ಒಂದು ಡೈರಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಕಂಪ್ಯೂಟರಿನ ಒಳಗೆ ‘ಕ್ರಾನ್’ ಅಂತ ಒಬ್ಬ ಕಾವಲುಗಾರ ಇದ್ದಾನೆ. ಅವನಿಗೆ ಒಂದು ಸಾಲು ಬರೆದಿಟ್ಟರೆ ಸಾಕು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುತ್ತಾನೆ. ಸಾಲಿನಲ್ಲಿ ಐದು ಮನೆಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಮೊದಲನೇ ಮಂಗಳವಾರ ಅಂತ ಅವನಿಗೆ ಹೇಳುವುದು ಹೇಗೆ? ನನ್ನ ಮೆದುಳು ಮಿಂಚಿನ ಹಾಗೆ ಓಡಿತು ನೋಡಿ. ಮೊದಲನೇ ಮಂಗಳವಾರ ಯಾವತ್ತೇ ಬರಲಿ, ಒಂದರಿಂದ ಏಳನೇ ತಾರೀಖಿನ ಒಳಗೇ ಬರಬೇಕಲ್ಲ! ಹಾಗಾಗಿ ತಾರೀಖಿನ ಮನೆಯಲ್ಲಿ ಒಂದರಿಂದ ಏಳು ಬರೆದೆ, ವಾರದ ಮನೆಯಲ್ಲಿ ಮಂಗಳವಾರ ಬರೆದೆ, ಗಂಟೆ ಬೆಳಿಗ್ಗೆ ಎಂಟು. “ಇವತ್ತು ಹನ್ನೊಂದಕ್ಕೆ ಹಲ್ಲಿನ ಸೆಟ್ ಕೂರಿಸಿಕೊಳ್ಳಲು ಬರುತ್ತಿದ್ದೇವೆ” ಎಂಬ ಮೆಸೇಜು ಅಜ್ಜಿಗೆ, ಅಮ್ಮನಿಗೆ, ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಅಕ್ಕನಿಗೆ ಒಟ್ಟಿಗೇ ಹೋಗುವಂತೆ ಮಾಡಿದೆ. ಲ್ಯಾಪ್‌ಟಾಪ್ ಆಫ್ ಮಾಡಿದವರ ಕೈ ಮುರಿಯುತ್ತೇನೆ ಎಂದು ಘೋಷಿಸಿ, ಕನ್ನಡಿಯ ಮುಂದೆ ನಿಂತು ನನಗೆ ನಾನೇ ಕೈ ಕುಲುಕಿಕೊಂಡೆ.

ಮರುದಿನ ಒಂದನೇ ತಾರೀಖು, ಗುರುವಾರ. ಹನ್ನೆರಡೂವರೆಗೆ ಲ್ಯಾಬಿನಲ್ಲಿದ್ದಾಗ ಅಜ್ಜಿಯ ಫೋನು. ಎಂಟು ಗಂಟೆಗೆ ಮೆಸೇಜು ಬಂದಿತ್ತಂತೆ. ಅಜ್ಜಿ ಇಸ್ತ್ರಿ ಬಟ್ಟೆ ಉಟ್ಟು, ಫೈಲು ಹಿಡಿದು ಕ್ಲಿನಿಕ್ಕಿಗೆ ನಡೆದು ಹೋಗಿ, ಒಂದೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಡಾಕ್ಟರಮ್ಮ ಬರುವುದು ಮುಂದಿನ ವಾರ ಎಂದು ತಿಳಿದು, ನಡೆದೇ ವಾಪಸ್ ಬಂದಿದ್ದಳು. ನನಗೂ ರೇಗಿತು. ಮಂಗಳವಾರ ಅಂತ ಗೊತ್ತಿದ್ದೂ ಗುರುವಾರ ಯಾಕೆ ಹೋದೆ ಎಂದು ಕೇಳಿದೆ.

“ನೀನೇ ತಾನೇ ಬರ್ದು ಕಳಿಸಿದ್ದು,” ಎಂದಳು ಅಜ್ಜಿ. “ಬರವಣಿಗೇಲಿ ಆರ್ಡರ್ ಬಂದ್ಮೇಲೆ ಪ್ರಶ್ನೆ ಕೇಳೋದು ನನ್ನ ಸರ್ವೀಸಲ್ಲೇ ಇಲ್ಲ.”

ಸಂಜೆ ಬಂದು ಸಾಲನ್ನು ಇಪ್ಪತ್ತು ಸಲ ಓದಿದೆ. ಒಂದರಿಂದ ಏಳು, ಮಂಗಳವಾರ. ಚಿನ್ನದಂಥ ಸಾಲು! ತಪ್ಪು ಕ್ರಾನಿನದೂ ಅಲ್ಲ, ನನ್ನದಂತೂ ಮೊದಲೇ ಅಲ್ಲ; ಪರೀಕ್ಷೆಗೆಂದು ಒಮ್ಮೆ ಕಳಿಸಿದ್ದ ಮೆಸೇಜು ತಡವಾಗಿ ತಲುಪಿರಬೇಕು ಎಂದು ತೀರ್ಪು ಕೊಟ್ಟು ಮಲಗಿದೆ.

ಶುಕ್ರವಾರ ಎಂಟಕ್ಕೆ ಮತ್ತೆ ಮೆಸೇಜು.

ಅಜ್ಜಿ ಈ ಸಲ ಹೊರಡಲಿಲ್ಲ. ಫೋನನ್ನು ನನ್ನ ತಿಂಡಿ ತಟ್ಟೆಯ ಪಕ್ಕದಲ್ಲಿ ಇಟ್ಟು, ಮೂವತ್ತೊಂದು ವರ್ಷ ಹೋಂವರ್ಕ್ ಮಾಡದವರನ್ನು ನೋಡಿದ ಕಣ್ಣಿನಲ್ಲಿ ನನ್ನನ್ನು ನೋಡಿ ಹೋದಳು. ರಿಸೆಪ್ಷನಿಸ್ಟ್ ಅಕ್ಕನಾದರೂ ಸುಮ್ಮನಿದ್ದಳೇ? ಫೈಲಿನಲ್ಲಿದ್ದ ಅಮ್ಮನ ನಂಬರಿಗೆ ಫೋನು ಮಾಡಿದಳು. ನನ್ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಒಬ್ಬ ದಪ್ಪ ಮೀಸೆಯ ಶಿಷ್ಯ ಜೀವನದಲ್ಲಿ ಮೊದಲ ಬಾರಿಗೆ ರಿವರ್ಸ್ ತೆಗೆಯುತ್ತಿದ್ದನಂತೆ. ಅಮ್ಮ ಫೋನೆತ್ತಿ ‘ಹಲೋ’ ಎನ್ನುವಷ್ಟರಲ್ಲಿ ಕಾರು ಹೋಗಿ ಒಂದು ಹೂಕುಂಡದ ಅಂಗಡಿಯನ್ನು ಮಾತಾಡಿಸಿತು. ಹದಿನಾಲ್ಕು ಕುಂಡ! ಸಂಜೆ ಅಮ್ಮ ಮನೆಗೆ ಬಂದಾಗ ಕೂದಲಲ್ಲಿ ಇನ್ನೂ ಮಣ್ಣಿತ್ತು. ಅವಳು ಚಪ್ಪಲಿಯನ್ನು ಬಹಳ ನಿಧಾನವಾಗಿ ಬಿಟ್ಟಳು. ಅಮ್ಮ ಚಪ್ಪಲಿಯನ್ನು ನಿಧಾನವಾಗಿ ಬಿಟ್ಟಳೆಂದರೆ ನಾವೆಲ್ಲ ಬಾಲ ಮುದುರಿಕೊಳ್ಳುತ್ತೇವೆ.

“ಆ ಸಾಲನ್ನ ಅಳಿಸು,” ಎಂದಳು.

ಅಳಿಸಬಹುದಿತ್ತು. ಒಂದೇ ಕೀಲಿಯ ಕೆಲಸ. ಆದರೆ ಯೋಚಿಸಿ: ನಾನು ಬರೆದ ಚಿನ್ನದಂಥ ಸಾಲನ್ನು ನಾನೇ ಅಳಿಸುವುದೆಂದರೆ, ತಪ್ಪು ನನ್ನದೇ ಎಂದು ಮನೆಯವರ ಮುಂದೆ ಒಪ್ಪಿಕೊಂಡ ಹಾಗಲ್ಲವೇ? ಮಂಗಳವಾರದ ಮೆಸೇಜು ಹೇಗೂ ಬೇಕು. ಬೇಡದ್ದು ಉಳಿದ ದಿನಗಳದು. ಆ ದಿನಗಳಲ್ಲಿ ಅದರ ಬೆನ್ನಿಗೇ ಕ್ಷಮೆಯ ಮೆಸೇಜೊಂದು ಹೋದರೆ ಮುಗಿಯಿತು! ಕೂಡಲೇ ಎರಡನೇ ಸಾಲು ಬರೆದೆ, ಇದು ಕ್ಲಿನಿಕ್ಕಿನ ಅಕ್ಕನಿಗೆ ಮಾತ್ರ. ಗಂಟೆ ಎಂಟು, ನಿಮಿಷ ಐದು, ತಾರೀಖು ಒಂದರಿಂದ ಏಳು, ವಾರದ ಮನೆಯಲ್ಲಿ ಮಂಗಳವಾರ ಒಂದನ್ನು ಬಿಟ್ಟು ಮಿಕ್ಕ ಆರೂ ವಾರ. “ಕ್ಷಮಿಸಿ, ಇವತ್ತು ನಾವು ಬರುವುದಿಲ್ಲ.” ಮನುಷ್ಯರು ತಪ್ಪು ಮಾಡಿ ಕ್ಷಮೆ ಕೇಳಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ನನ್ನ ಲ್ಯಾಪ್‌ಟಾಪು ಐದೇ ನಿಮಿಷದಲ್ಲಿ ಕೇಳುತ್ತಿತ್ತು!

ಶನಿವಾರ ಎಂಟಕ್ಕೆ ಬರುತ್ತೇವೆ, ಎಂಟೂ ಐದಕ್ಕೆ ಬರುವುದಿಲ್ಲ. ಭಾನುವಾರವೂ ಹಾಗೇ. ಅವತ್ತು ಆ ಅಕ್ಕನಿಗೆ ರಜೆ; ಮೊದಲನೇ ಮೆಸೇಜಿಗೆ ಎಚ್ಚರವಾಗಿ, ಎರಡನೆಯದಕ್ಕೆ ಎದ್ದು ಕೂತಿದ್ದಾಳೆ. “ಬರೋದೂ ಬೇಡ, ಬರ್ದೇ ಇರೋದೂ ಬೇಡ, ನನ್ನ ಮಲಗೋಕೆ ಬಿಡಿ” ಎಂದು ಉತ್ತರ ಬಂತು. ಸೋಮವಾರ ಉತ್ತರವೇ ಇಲ್ಲ. ಅಭ್ಯಾಸವಾಯಿತೆಂದು ನಾನು ತಿಳಿದೆ.

ಮಂಗಳವಾರ ಕಾಲೇಜಿಗೆ ಚಕ್ಕರ್ ಹಾಕಿ, ಅಜ್ಜಿಯ ಕೈ ಹಿಡಿದು, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಕ್ಲಿನಿಕ್ಕಿನ ಗಾಜಿನ ಬಾಗಿಲು ತಳ್ಳಿದೆ. ಅಜ್ಜಿ ಭಾಷಣದ ಹಾಳೆಯನ್ನೂ ತಂದಿದ್ದಳು, ಹಲ್ಲು ಕೂರಿಸಿದ ಕೂಡಲೇ ಒಮ್ಮೆ ಓದಿ ನೋಡಲು. ರಿಸೆಪ್ಷನಿಸ್ಟ್ ಅಕ್ಕ ನಮ್ಮನ್ನು ನೋಡಿದಳು. ಪುಸ್ತಕ ನೋಡಿದಳು. ಮತ್ತೆ ನಮ್ಮನ್ನು ನೋಡಿದಳು.

“ನೀವು ಬರಲ್ಲ ಅಂದ್ರಲ್ಲ.”

ಬರುತ್ತೇವೆ ಎಂದೂ ಹೇಳಿದ್ದೆವಲ್ಲ ಎಂದೆ. ಅವಳು ಫೋನು ತಿರುಗಿಸಿ ತೋರಿಸಿದಳು. ಎಂಟು ಗಂಟೆ: ಬರುತ್ತಿದ್ದೇವೆ. ಎಂಟೂ ಐದು: ಕ್ಷಮಿಸಿ, ಇವತ್ತು ನಾವು ಬರುವುದಿಲ್ಲ. ಇವತ್ತಿನದೇ, ಮಂಗಳವಾರದ್ದೇ! ಹೇಳಿದ್ದರಲ್ಲಿ ಕೊನೆಯದನ್ನು ತಾನು ನಂಬಬೇಕಲ್ಲವೇ, ಕಾಯುವವರ ಪಟ್ಟಿಯಲ್ಲಿ ಏಳು ಜನ ಇದ್ದರು, ನಿಮ್ಮ ಹೊತ್ತನ್ನು ಒಬ್ಬ ಮುದುಕರಿಗೆ ಕೊಟ್ಟಾಯಿತು, ಅವರು ಬೇಗನೇ ಬಂದು ಒಳಗೆ ಕೂತೂ ಆಯಿತು, ಸಂಜೆವರೆಗೂ ಡಾಕ್ಟರಿಗೆ ಉಸಿರಾಡಲು ಬಿಡುವಿಲ್ಲ, ಮುಂದಿನ ತಿಂಗಳು ಬನ್ನಿ ಎಂದಳು. ಒಳಗಿನಿಂದ ಆ ಮುದುಕರು ಹೊಸ ಹಲ್ಲಿನಲ್ಲಿ ನಗುವುದು ಕೇಳಿಸಿತು. ಎಷ್ಟು ಹೊತ್ತು ನಗುತ್ತಾರೆ ಆ ಮನುಷ್ಯ!

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಕ್ರಾನ್ ಕೈಪಿಡಿ ತೆಗೆದೆ. ಅದುವರೆಗೆ ನಾನು ಓದಿದ್ದು ಮೊದಲ ಅರ್ಧ ಪುಟ. ಕೊನೆಯಲ್ಲಿ, ಯಾರೂ ಹೋಗದ ಮೂಲೆಯಲ್ಲಿ, ಒಂದು ಪುಟ್ಟ ಟಿಪ್ಪಣಿ ಇತ್ತು. ತಾರೀಖು, ವಾರ ಎರಡನ್ನೂ ಬರೆದರೆ ಎರಡೂ ಕೂಡಿಬರುವ ತನಕ ಆ ಪುಣ್ಯಾತ್ಮ ಕಾಯುವುದಿಲ್ಲವಂತೆ. ಎರಡರಲ್ಲಿ ಒಂದು ಹೊಂದಿದರೂ ಸಾಕಂತೆ! ಅಂದರೆ ಮೊದಲನೇ ಸಾಲು ಒಂದರಿಂದ ಏಳರವರೆಗೆ ದಿನವೂ ಓಡುತ್ತದೆ, ಮೇಲೆ ಪ್ರತಿ ಮಂಗಳವಾರವೂ ಓಡುತ್ತದೆ. ಎರಡನೇ ಸಾಲಿನಲ್ಲಿ ನಾನು ಮಂಗಳವಾರವನ್ನು ಬಿಟ್ಟಿದ್ದೆ, ನಿಜ. ಆದರೆ ಇವತ್ತು ಆರನೇ ತಾರೀಖು. ಆರು ಎಂಬುದು ಒಂದರಿಂದ ಏಳರ ಒಳಗಿದೆ. ಅವನಿಗೆ ಅಷ್ಟೇ ಸಾಕಾಯಿತು. ತಿಂಗಳಲ್ಲಿ ಕ್ಷಮೆಯ ಮೆಸೇಜು ಹೋಗಲೇಬಾರದೆಂದು ನಾನು ಅಂದುಕೊಂಡ ಒಂದೇ ಒಂದು ದಿನ, ಅಜ್ಜಿಯ ಹಲ್ಲನ್ನು ನಾನೇ ಅಚ್ಚುಕಟ್ಟಾಗಿ, ಸಮಯಕ್ಕೆ ಸರಿಯಾಗಿ, ಕ್ಷಮೆ ಕೇಳಿ ರದ್ದು ಮಾಡಿದ್ದೆ.

ಯಾವ ಬೆಪ್ಪು ಹೀಗೆ ನಿಯಮ ಮಾಡಿದ ಎಂದು ಜೋರಾಗಿಯೇ ಗೊಣಗಿದೆ. ಆ ಟಿಪ್ಪಣಿಯನ್ನು ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಹಾಕಲು ಇವರಿಗೇನು ರೋಗ ಎಂದು ಬೈದೆ. ಪಕ್ಕದಲ್ಲಿ ದವಡೆ ಹಿಡಿದು ಕೂತಿದ್ದವರು ಒಂದು ಕುರ್ಚಿ ಆಚೆ ಸರಿದರು.

ಅಜ್ಜಿ ಭಾಷಣದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಳು. ಅದನ್ನು ನೋಡಿದಾಗ ಮಾತ್ರ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಹೋಗಿ ರಿಸೆಪ್ಷನಿಸ್ಟ್ ಅಕ್ಕನ ಮುಂದೆ ನಿಂತೆ.

“ಅಕ್ಕಾ, ತಪ್ಪು ನಂದು. ಲ್ಯಾಪ್‌ಟಾಪಿಂದಲ್ಲ, ನಂದೇ. ಅಜ್ಜಿ ಹದಿನೇಳಕ್ಕೆ ಮಾತಾಡ್ಬೇಕು. ಎಷ್ಟೊತ್ತಾದ್ರೂ ಕಾಯ್ತೀವಿ.”

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆರು ದಿನದಿಂದ ಬೆಳಿಗ್ಗೆ ಎಂಟಕ್ಕೆ ತನ್ನ ತಲೆ ತಿಂದ ಪಿಶಾಚಿ ಇದೇನಾ ಎಂಬ ನೋಟ ಅದು. ನಂತರ ಒಳಗೆ ಹೋದಳು. ಬಂದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಡಾಕ್ಟರು ಹತ್ತು ನಿಮಿಷ ನೋಡುತ್ತಾರಂತೆ, ಅಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ಎಂದಳು. ಎರಡು ಗಂಟೆ ಕೂತೆವು. ಆ ಎರಡು ಗಂಟೆಯಲ್ಲಿ ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲಿಂದಲೇ, ಊಟಕ್ಕೆ ಮನೆಗೆ ಬಂದಿದ್ದ ಅಮ್ಮನಿಗೆ ಫೋನು ಮಾಡಿ, ಯಾವ ಕೀಲಿ ಒತ್ತಬೇಕೆಂದು ಒಂದೊಂದಾಗಿ ಹೇಳಿ, ಎರಡು ಸಾಲುಗಳನ್ನೂ ಅಳಿಸಿಸಿದೆ. ಅಮ್ಮ ಕಾರು ಕಲಿಸುವ ದನಿಯಲ್ಲಿ, “ಇದನ್ನ ಶುಕ್ರವಾರಾನೇ ಹೇಳಿದ್ದೆ” ಎಂದು ಮಾತ್ರ ಹೇಳಿ ಇಟ್ಟಳು.

ಒಂದೂ ಕಾಲಿಗೆ ಕರೆದರು. ಡಾಕ್ಟರಮ್ಮ ಮೇಲಿನ ಸೆಟ್ಟನ್ನು ಇಟ್ಟು, ತೆಗೆದು, ಉಜ್ಜಿ, ಮತ್ತೆ ಇಟ್ಟರು. ಟಕ್ ಎಂದು ಕೂತಿತು. ಕೆಳಗಿನದು ಒತ್ತುತ್ತಿತ್ತು; ಅದನ್ನು ತಿದ್ದಲು ಅರ್ಧ ಗಂಟೆಯಾದರೂ ಬೇಕು, ಇವತ್ತು ಸಾಧ್ಯವೇ ಇಲ್ಲ ಎಂದರು. ಆದರೆ ಮುಂದಿನ ಮಂಗಳವಾರ ಬೇರೊಂದು ಕೆಲಸಕ್ಕೆ ಈ ಕಡೆ ಬರುವುದಿತ್ತಂತೆ, ಹದಿಮೂರನೇ ತಾರೀಖು. ಹಾಗೆ ಬರುವಾಗ ಇಲ್ಲಿಗೂ ಬಂದು ಮುಗಿಸಿಕೊಡುತ್ತೇನೆ ಎಂದರು. ಹದಿನೇಳಕ್ಕೆ ಇನ್ನೂ ನಾಲ್ಕು ದಿನ ಇರುತ್ತದೆ! ನಾನು ಅಲ್ಲೇ ಕುಣಿಯುವುದೊಂದು ಬಾಕಿ. ರಿಸೆಪ್ಷನಿಸ್ಟ್ ಅಕ್ಕ ಪುಸ್ತಕದಲ್ಲಿ ಬರೆದುಕೊಂಡು, ನಮ್ಮ ನಂಬರನ್ನು ತಾನು ಈಗಷ್ಟೇ ಬ್ಲಾಕ್ ಮಾಡಿದ್ದೇನೆಂದೂ, ಇನ್ನು ಮುಂದೆ ಏನಿದ್ದರೂ ಬಾಗಿಲಿಗೆ ಬಂದು ಬಾಯಲ್ಲಿ ಹೇಳಬೇಕೆಂದೂ ತಿಳಿಸಿದಳು. ತಲೆಯಾಡಿಸಿದೆ.

ಹೊರಗೆ ಬಂದು ಅಜ್ಜಿ ಮೆಟ್ಟಿಲ ಮೇಲೆ ನಿಂತಳು. ಮೂರು ತಿಂಗಳಿಂದ ಅವಳ ಮಾತೆಲ್ಲ ಗಾಳಿ ಸೋರಿ, ತುದಿ ಮೊಂಡಾಗಿ ಬರುತ್ತಿತ್ತು. ಈಗ ನಾಲಿಗೆಯನ್ನು ಮೇಲಿನ ಹಲ್ಲಿಗೆ ಒಮ್ಮೆ ತಾಗಿಸಿ ನೋಡಿ, ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹೆಡ್‌ಮಿಸ್ ಕಂಠದಲ್ಲಿ ಶುರು ಮಾಡಿದಳು. ದಡ್ಡಿ, ತಲೆಹರಟೆ, ದುರಹಂಕಾರಿ, ಅರ್ಧ ಪುಟ ಓದಿ ಪಂಡಿತಳಾದವಳು. ಒಂದೊಂದು ಅಕ್ಷರವೂ ಮುತ್ತಿನ ಹಾಗೆ ಬಿಡಿಬಿಡಿಯಾಗಿ ಬಂದು ನನಗೆ ತಗುಲಿತು. ಹಣ್ಣಿನಂಗಡಿಯವನು ತೂಗುವುದನ್ನು ನಿಲ್ಲಿಸಿದ. ಸೈಕಲ್ಲಿನವರೊಬ್ಬರು ಇಳಿದೇಬಿಟ್ಟರು. ಹತ್ತು ನಿಮಿಷವಾದ ಮೇಲೆ ಅಜ್ಜಿ ಉಸಿರು ತೆಗೆದುಕೊಂಡಳು. ಮುಗಿಯಿತೆಂದು ಅವಳ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದೆ.

“ಮುಗೀಲಿಲ್ಲ,” ಎಂದಳು. “ಇದು ಬರೀ ಮೇಲಿನ ಸೆಟ್ಟಿನ ಬೈಗುಳ. ಮುಂದಿನ ಮಂಗಳವಾರ ನೀನೂ ಜೊತೆಗೆ ಬಾ, ಕೆಳಗಿಂದೂ ಕೂರಿಸ್ಲಿ. ಮಿಕ್ಕಿದ್ದು ಆಮೇಲೆ ಬೈತೀನಿ.”