ಸೃಜನ್ ಮತ್ತು ಮೋಕ್ಷಾ ಇವರನ್ನು ‘ಇತರೆ’ ಕಾಲಮ್ಮಿನಿಂದ ಬಿಡಿಸುವ ಕುರಿತು

ಇಂದ:
ದೇಜಪ್ಪ, ಯಾರ್ಡ್ ಸೂಪರ್‌ವೈಸರ್, ಹಮದ್ ಬಂದರು ವಿಭಾಗ
ವಾಸ: ಮದೀನತ್ ಖಲೀಫಾ, ಏಳು ಪಾಲು ಮಾಡಿದ ವಿಲ್ಲಾದ ಮೂರನೆಯ ಪಾಲು
(ಇನ್ನು ಮುಂದೆ ‘ಅರ್ಜಿದಾರ’)

ಗೆ:
ಅವಲಂಬಿತರ ಪರಿಶೀಲನಾ ಸಮಿತಿ, ಮಾನವ ಸಂಪನ್ಮೂಲ ವಿಭಾಗ
ಕಂಪನಿಯ ಲುಸೈಲ್ ಕಚೇರಿ, ಹದಿನಾಲ್ಕನೆಯ ಮಹಡಿ

ವಿಷಯ: ತೀರಿಹೋದ ತಂಗಿಯ ಇಬ್ಬರು ಮಕ್ಕಳನ್ನು ಅರ್ಜಿದಾರನ ಅವಲಂಬಿತರೆಂದು ಒಪ್ಪಿಕೊಳ್ಳಲು ಕೋರಿ.

ಉಲ್ಲೇಖ: 1. ತಮ್ಮ ಈಮೇಲ್, ‘ಸ್ಪಷ್ಟೀಕರಣ ಬೇಕು’. 2. ತಮ್ಮದೇ, ‘ಮತ್ತೊಮ್ಮೆ ಬೇಕು’. 3. ತಮ್ಮದೇ, ‘ಕೊನೆಯ ಬಾರಿ’. 4. ಲಿಫ್ಟಿನ ಬಳಿ ಲೆಸ್ಲಿಯವರು ಹೇಳಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಲೆಬಾಗಿ ನಿವೇದಿಸಿಕೊಳ್ಳುವುದೇನೆಂದರೆ:

1. ಈ ಗಲ್ಫ್ ದೇಶದಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ. ಆದಕಾರಣ ಯಾರು ಯಾರ ಅನ್ನ ಉಣ್ಣುತ್ತಾರೆ ಎಂದು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದು ಅರ್ಜಿದಾರನು ಹದಿನೈದು ವರ್ಷ ನಂಬಿದ್ದನು. ಆ ತಪ್ಪು ಕಲ್ಪನೆಯನ್ನು ತಮ್ಮ ಅವಲಂಬಿತರ ಫಾರಂ ದೂರ ಮಾಡಿತು. ಕೃತಜ್ಞತೆಗಳು.

2. ಸದರಿ ಫಾರಮ್ಮಿನ ‘ಮಕ್ಕಳು’ ಕಾಲಮ್ಮಿನಲ್ಲಿ ಅರ್ಜಿದಾರನು ತಂಗಿ ದೀಕ್ಷಿತಾಳ ಮಕ್ಕಳಾದ ಸೃಜನ್ (ಹತ್ತು ವರ್ಷ) ಮತ್ತು ಮೋಕ್ಷಾ (ಆರು ವರ್ಷ) ಇವರ ಹೆಸರು ಬರೆದನು. ಸ್ವಂತ ಮಗ ಕೃತಿಕನನ್ನು ‘ಇತರೆ’ಯಲ್ಲಿ ಬರೆದನು. ಇದರಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ಅರ್ಜಿದಾರನ ಊರಿನ ಅಳಿಯಸಂತಾನದ ಕಟ್ಟಿನಲ್ಲಿ ತಂಗಿಯ ಮಕ್ಕಳೇ ಮನೆಯ ಮಕ್ಕಳು. ಗಂಡಸಿನ ಸ್ವಂತ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು. ಫಾರಮ್ಮಿನ ಕೆಳಗೆ ‘ಸತ್ಯವನ್ನೇ ಬರೆಯತಕ್ಕದ್ದು’ ಎಂದಿತ್ತು. ಅರ್ಜಿದಾರನು ಬರೆದನು.

3. ಅರ್ಜಿದಾರನ ಪತ್ನಿ ಅಕ್ಕು ಇದನ್ನು ತಿಳಿದು, “ನನ್ನ ಮಗನನ್ನು ಇತರೆಗೆ ಹಾಕಿ ಬಂದ್ರಾ? ನಿಮ್ಮ ತಲೆ ಸರಿ ಉಂಟಾ? ಕಟ್ಟುಕಟ್ಟಳೆ ಎಲ್ಲ ಊರಲ್ಲಿ ಇಟ್ಕೊಳ್ಳಿ ಮಾರಾಯ್ರೆ” ಎಂದು ಲಟ್ಟಣಿಗೆ ಹಿಡಿದೇ ಅಭಿಪ್ರಾಯಪಟ್ಟರು. ಆ ವಾರ ಅರ್ಜಿದಾರನಿಗೂ ಮನೆಯಲ್ಲಿ ‘ಇತರೆ’ಯ ಸ್ಥಾನಮಾನವೇ ಇತ್ತು.

4. ತಾವು ಉಲ್ಲೇಖ 1ರಲ್ಲಿ ತಪ್ಪನ್ನು ತಿದ್ದಿದಿರಿ. ಕೃತಿಕ್ ‘ಮಕ್ಕಳು’ ಆದನು. ಸೃಜನ್ ಮತ್ತು ಮೋಕ್ಷಾ ‘ಇತರೆ’ ಆದರು. ತಮ್ಮ ಪೋರ್ಟಲಿನಲ್ಲಿ ಇತರೆ ಎಂದರೆ ಚಾಲಕ, ಮನೆಗೆಲಸದವರು ಮತ್ತು ಸಾಕುಪ್ರಾಣಿ (ಎಂಟು ಕಿಲೋ ಮೀರದ್ದು). ಮಕ್ಕಳಿಗೆ ವಾಹನ ಓಡಿಸಲು ಬರುವುದಿಲ್ಲ, ಪಾತ್ರೆ ತೊಳೆಯಲೂ ಬರುವುದಿಲ್ಲವಾದ ಕಾರಣ ಉಳಿದದ್ದನ್ನೇ ಒತ್ತಬೇಕಾಯಿತು. ತಕ್ಷಣ ಪೋರ್ಟಲು ಮೋಕ್ಷಾಳ ಚರ್ಮದಡಿಯ ಮೈಕ್ರೋಚಿಪ್ ಸಂಖ್ಯೆ ಕೇಳಿತು. ಅರ್ಜಿದಾರನು ಹುಡುಕಿದನು. ಸಿಗಲಿಲ್ಲ.

5. ಆದ್ದರಿಂದ ಅರ್ಜಿದಾರನು ಖುದ್ದಾಗಿ ಹದಿನಾಲ್ಕನೆಯ ಮಹಡಿಗೆ ಬಂದನು. ತಮ್ಮ ಬಾಗಿಲ ಮೇಲೆ ‘ನಾವೆಲ್ಲರೂ ಒಂದೇ ಕುಟುಂಬ’ ಎಂಬ ಫಲಕವಿದೆ. ಸಮಿತಿಯ ಮುಖ್ಯಸ್ಥರಾದ ಸಯೀದ್ ಅವರು ಫಲಕದ ಕೆಳಗೇ ಕುಳಿತು, “ಫ್ಯಾಮಿಲಿ ಮೀನ್ಸ್ ವೈಫ್, ಓನ್ ಚಿಲ್ಡ್ರನ್, ಖಲಾಸ್” ಎಂದು ವಿವರಿಸಿದರು. ವಿವರಣೆ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು.

6. ತಮ್ಮದೇ ವಿಭಾಗದ ಲೆಸ್ಲಿಯವರು ಅರ್ಜಿದಾರನ ಊರ ಕಡೆಯ ಶಿರ್ವದವರು. ಅವರು ಲಿಫ್ಟಿನವರೆಗೆ ಬಂದು, “ದೇಜಪ್ಪಣ್ಣ, ನನಗೆ ಗೊತ್ತುಂಟು. ಸಿಸ್ಟಮ್‌ಗೆ ಗೊತ್ತಿಲ್ಲಲ್ಲ, ಏನು ಮಾಡುದು? ನೀವು ಒಂದು ಅರ್ಜಿ ಕನ್ನಡದಲ್ಲೇ ಬರೀರಿ, ಮನಸ್ಸಿನಲ್ಲಿ ಇದ್ದದ್ದೆಲ್ಲ. ಇಂಗ್ಲಿಷ್ ನಾನು ಮಾಡ್ತೇನೆ” ಎಂದರು. ಮನಸ್ಸಿನಲ್ಲಿದ್ದ ಕೆಲವನ್ನು ಸಯೀದ್ ಅವರ ಮೇಲಿನ ಗೌರವದಿಂದ ಕೈಬಿಡಲಾಗಿದೆ.

7. ಉಲ್ಲೇಖ 2ರಲ್ಲಿ ತಾವು ಮಕ್ಕಳ ತಾಯಿಯ ನಿರಾಕ್ಷೇಪಣಾ ಪತ್ರ ಕೇಳಿದಿರಿ. ಅರ್ಜಿದಾರನು ಅವಳ ಮರಣ ಪ್ರಮಾಣಪತ್ರ ಕಳಿಸಿದನು. ಉಲ್ಲೇಖ 3ರಲ್ಲಿ ತಾವು, ಮರಣ ಪ್ರಮಾಣಪತ್ರ ತಲುಪಿದೆ, ಈಗ ತಾಯಿ ಖುದ್ದಾಗಿ ಬಂದು ಸಹಿ ಮಾಡಬೇಕು ಎಂದು ತಿಳಿಸಿದಿರಿ.

8. ಇಲ್ಲಿ ಒಂದು ಸಂಗತಿಯನ್ನು ತಮ್ಮ ಅವಗಾಹನೆಗೆ ತರುವುದು ಅಗತ್ಯ. ಅರ್ಜಿದಾರನ ಇಂಗ್ಲಿಷ್ ಕಂಟೇನರ್ ನಂಬರಿಗೆ ಮಾತ್ರ ಸಾಲುತ್ತದೆ. ಆದ ಕಾರಣ ಕಂಪನಿಯ ಈಮೇಲುಗಳನ್ನು ಮನೆಯಲ್ಲಿ ಓದಿ ಹೇಳುವವನು ಸೃಜನ್. ಉಲ್ಲೇಖ 3ನ್ನೂ ಅವನೇ ಊಟದ ಹೊತ್ತಿಗೆ ಜೋರಾಗಿ ಓದಿದನು. “ಮದರ್ ಟು ಸೈನ್ ಇನ್ ಪರ್ಸನ್” ಎಂಬಲ್ಲಿ ನಿಲ್ಲಿಸಿ, “ಮಾಮ, ಅವರಿಗೆ ಯಾರೂ ಹೇಳ್ಲಿಲ್ವಾ?” ಎಂದು ಕೇಳಿದನು. ಮೋಕ್ಷಾ ಪೆನ್ನು ತರಲು ಒಳಗೆ ಓಡಿದಳು. ಅಮ್ಮ ಬರುತ್ತಾಳೆ ಎಂದು ಅವಳಿಗೆ ಅರ್ಥವಾಗಿತ್ತು.

9. ಪೆನ್ನನ್ನು ಲಗತ್ತಿಸಿಲ್ಲ.

10. ಈ ತಿಂಗಳ ಕೊನೆಯೊಳಗೆ ಕಂಪನಿಯ ಅವಲಂಬಿತ ಪತ್ರ ಕೊಡದಿದ್ದರೆ ಇಬ್ಬರ ಹೆಸರನ್ನೂ ಶಾಲೆಯವರು ತೆಗೆಯುತ್ತಾರೆ. ಅದೇ ಪತ್ರವಿಲ್ಲದೆ ವಾಸದ ಪರವಾನಗಿಯ ನವೀಕರಣಕ್ಕೂ ಅರ್ಜಿ ಹಾಕುವಂತಿಲ್ಲ. ಮಕ್ಕಳ ತಂದೆ ಇನ್ನೊಂದು ಮದುವೆಯಾಗಿ ನಾಸಿಕದಲ್ಲಿದ್ದಾರೆ. ಪತ್ರ ಸಿಗದಿದ್ದರೆ ಹುಡುಗನನ್ನು ಮಾತ್ರ ಇಟ್ಟುಕೊಳ್ಳುವುದಾಗಿ ಹೇಳಿದ್ದಾರೆ. ಹುಡುಗಿ ಪುಣೆಯಲ್ಲಿರುವ ಅವರ ಅಕ್ಕನ ಮನೆಗೆ. ಮೋಕ್ಷಾ ಇಂದಿಗೂ ಅಣ್ಣನ ಅಂಗಿಯ ತುದಿ ಹಿಡಿಯದೆ ನಿದ್ದೆ ಮಾಡುವುದಿಲ್ಲ. ತಮ್ಮ ಫಾರಮ್ಮಿನಲ್ಲಿ ಇದಕ್ಕೆ ಕಾಲಮ್ಮಿಲ್ಲದ ಕಾರಣ ಇಲ್ಲಿ ನಮೂದಿಸಲಾಗಿದೆ.

ಈ ಇಬ್ಬರೂ ಬೇರೆಯಾಗುವ ವಿಷಯ ಮಕ್ಕಳಿಗೆ ತಿಳಿದಿಲ್ಲ. ಅಕ್ಕು ಅವರಿಗೆ ತಿಳಿದಿದೆ. ಫಾರಂ ತಪ್ಪು ತುಂಬಿದ್ದಕ್ಕೆ ಬೈದಿದ್ದ ಅವರೇ ಮೊನ್ನೆ, “ಬೇಕಾದ್ರೆ ಕೃತಿಕನನ್ನು ಪುನಃ ಇತರೆಗೆ ಹಾಕಿ. ಅವನಿಗೆ ನಾನಿದ್ದೇನೆ” ಎಂದರು.

ಆದ್ದರಿಂದ ಸದರಿ ಇಬ್ಬರನ್ನೂ ಅರ್ಜಿದಾರನ ಮಕ್ಕಳೆಂದಾಗಲಿ, ಅದು ಆಗದಿದ್ದರೆ ಎಂಟು ಕಿಲೋ ಮಿತಿಯನ್ನು ಸಡಿಲಿಸಿ ಸಾಕುಪ್ರಾಣಿಗಳೆಂದಾಗಲಿ, ಆದರೆ ಒಟ್ಟಿಗೇ, ಪರಿಗಣಿಸಬೇಕಾಗಿ ಕೋರಲಾಗಿದೆ.

ತಮ್ಮ ವಿಶ್ವಾಸಿ (ಪೋರ್ಟಲಿನ ಅನುಮೋದನೆಗೆ ಒಳಪಟ್ಟು),
ದೇಜಪ್ಪ

ಲಗತ್ತುಗಳು:
ಅ) ದೀಕ್ಷಿತಾಳ ಮರಣ ಪ್ರಮಾಣಪತ್ರ, ನಾಲ್ಕನೆಯ ಪ್ರತಿ
ಆ) ತಂದೆಯ ಒಪ್ಪಿಗೆ, ಒಂದೂವರೆ ಸಾಲು
ಇ) ಲಸಿಕೆ ಪುಸ್ತಕ ಎರಡು (ಮನುಷ್ಯರವು)

ವಿ.ಸೂ.: ಅರ್ಜಿ ಮಂಜೂರಾದರೆ ಈಮೇಲನ್ನು ಎಂದಿನಂತೆ ಇಂಗ್ಲಿಷಿನಲ್ಲೇ ಕಳಿಸುವುದು, ಸೃಜನ್ ಜೋರಾಗಿ ಓದಲಿ. ತಿರಸ್ಕರಿಸುವುದಾದರೆ ಮಾತ್ರ ದಯವಿಟ್ಟು ಲೆಸ್ಲಿಯವರಿಂದ ಕನ್ನಡದಲ್ಲಿ ಬರೆಸಿ ಕಳಿಸುವುದು. ಹುಡುಗನಿಗೆ ಕನ್ನಡ ಓದಲು ಇನ್ನೂ ಬರುವುದಿಲ್ಲ.