ಸೂಪಿನಕ್ಕನ ಉಪ್ಪಿನ ಕುರಿತು ತಿದ್ದುಪಡಿ ಕೋರಿ

ಇಂದ:
ದ್ವಿತೀಯ ದರ್ಜೆ ಗುಮಾಸ್ತ, ತೂಕ ಮತ್ತು ಅಳತೆ ಕಚೇರಿ
(ತಮ್ಮ ಪತ್ರಿಕೆಯ ಓದುಗರಿಗೆ ‘ಉಂಡವನು’ ಎಂದು ಪರಿಚಿತ),
ಔಷಧಿ ಅಂಗಡಿಯ ಮೇಲಿನ ಮನೆ, ಎರಡನೇ ಮಹಡಿ.

ಗೆ:
ಸಂಪಾದಕರು, ಭಾನುವಾರದ ವಾರಪತ್ರಿಕೆ,
ಮುದ್ರಣಾಲಯದ ಹಿಂದಿನ ಕೋಣೆ.

ವಿಷಯ: ಸೂಪಿನಕ್ಕನ ಅಂಗಡಿಯ ಸೂಪಿಗೆ ಉಪ್ಪು ಜಾಸ್ತಿ ಎಂದು ನಾನು ಬರೆದದ್ದು ಸುಳ್ಳೆಂದು ಪ್ರಕಟಿಸುವ ಬಗ್ಗೆ, ಹಾಗೂ ‘ಉಂಡವನ ಮಾತು’ ಅಂಕಣದಿಂದ ನನ್ನನ್ನು ಬಿಡುಗಡೆಗೊಳಿಸಿ ಸದರಿ ಜಾಗಕ್ಕೆ ನನ್ನ ಹೆಂಡತಿಯನ್ನು ನೇಮಿಸುವ ಬಗ್ಗೆ.

ಉಲ್ಲೇಖ:
1. ಈ ತಿಂಗಳ ಮೊದಲ ಭಾನುವಾರದ ಸಂಚಿಕೆ, ಪುಟ ಆರು, ಎಡಗಡೆಯ ಕೆಳಮೂಲೆ.
2. ತಾವು ಮಂಗಳವಾರ ಫೋನಿನಲ್ಲಿ ಕೊಟ್ಟ ಸಲಹೆ.
3. ಅದೇ ದಿನ ನಮ್ಮ ಅಡುಗೆಮನೆಯಲ್ಲಿ ಹೊರಟ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹನ್ನೊಂದು ವರ್ಷಗಳಿಂದ ಪ್ರತಿ ಶುಕ್ರವಾರ ತಮ್ಮೆದುರು ಕೂತು ಚಹಾ ಕುಡಿಯುವ ನಾನು ಇದನ್ನು ಬಾಯಲ್ಲೇ ಹೇಳಬಹುದಿತ್ತು. ಹೇಳಲು ಮುಖವಿಲ್ಲ. ಇಪ್ಪತ್ತಾರು ವರ್ಷ ಸರ್ಕಾರಿ ಕಾಗದ ಬರೆದ ಕೈ ಅರ್ಜಿ ಎಂದರೆ ನಡುಗುವುದಿಲ್ಲ. ಆದ ಕಾರಣ ಈ ಮಾರ್ಗ.

1. ಊರಿನ ಹೋಟೆಲುಗಳಲ್ಲಿ ಉಂಡು, ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಅಂಕಣದ ಕ್ರಮ. ಒಂದೆರಡು ಹೋಟೆಲಿನವರು ನನ್ನ ಫೋಟೋ ಕತ್ತರಿಸಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿಕೊಂಡಿರುವುದು ತಮಗೆ ತಿಳಿದೇ ಇದೆ. ನಾನು ಒಳಗೆ ಬಂದದ್ದನ್ನು ಕಂಡು ಬಾಣಸಿಗರೊಬ್ಬರು ಹಿಂಬಾಗಿಲಿನಿಂದ ರಜೆಯ ಮೇಲೆ ತೆರಳಿದ ನಿದರ್ಶನವೂ ಇದೆ. ಇದರಿಂದ ನನಗೆ ಕೋಡು ಮೂಡಿತ್ತು ಎಂಬುದನ್ನು ಯಾವ ಒತ್ತಡವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ.

2. ಐದು ತಿಂಗಳ ಹಿಂದೆ ನನಗೆ ನೆಗಡಿ ಬಂತು. ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇದು ಪತ್ತೆಯಾದದ್ದು ಒಂದು ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಟ್ಟಾಗ.

“ಸಕ್ಕರೆ ಹಾಕೋದು ಮರ್ತಿದ್ದೆ ಕಣ್ರೀ,” ಎಂದಳು ಹೆಂಡತಿ. “ಒಂದು ಮಾತೂ ಆಡಲಿಲ್ಲವಲ್ಲ ನೀವು? ಮೈ ಹುಷಾರಿಲ್ವಾ?”

ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಚಹಾದ ಬಗ್ಗೆ ನಾನು ತಕರಾರು ತೆಗೆಯದ ಮೊದಲ ದಿನ ಅದು. ಆಕೆ ಆಗಲೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, “ವಾಪಸ್ ಬರಬಹುದು, ಬರದೇನೂ ಇರಬಹುದು,” ಎಂದರು. ಪ್ರಾಮಾಣಿಕ ಅಭಿಪ್ರಾಯ ಎದುರಿಗಿದ್ದವನಿಗೆ ಹೇಗೆ ನಾಟುತ್ತದೆ ಎಂಬುದು ನನಗೆ ಮೊದಲ ಬಾರಿ ಅರಿವಾದದ್ದು ಅಲ್ಲಿ.

3. ಆ ದಿನವೇ ನಾನು ತಮಗೆ ರಾಜೀನಾಮೆ ಕೊಡಬೇಕಿತ್ತು. “ಬಿಟ್ಬಿಡಿ, ರುಚಿ ಗೊತ್ತಾಗದೆ ಏನು ಬರೀತೀರಾ?” ಎಂದು ಹೆಂಡತಿ ನೇರವಾಗಿಯೇ ಹೇಳಿದಳು. ನಾನು ಬಿಡಲಿಲ್ಲ. ಕಚೇರಿಯಲ್ಲಿ ನಾನು ತಕ್ಕಡಿಗೆ ಮುದ್ರೆ ಒತ್ತುವವನಲ್ಲ, ಒತ್ತುವವರ ಪಕ್ಕದ ಕುರ್ಚಿಯವನು. ಸೋಮವಾರದಿಂದ ಶನಿವಾರದವರೆಗೆ ನಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಭಾನುವಾರ ಮಾತ್ರ ಬೀದಿಯಲ್ಲಿ ಯಾರಾದರೂ ನಿಲ್ಲಿಸಿ, “ಚೆನ್ನಾಗಿ ಜಾಡಿಸಿದ್ರಿ ಸಾರ್,” ಎನ್ನುತ್ತಾರೆ. ಅದನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

4. ಆದ್ದರಿಂದ ಒಂದು ವ್ಯವಸ್ಥೆ ಮಾಡಿಕೊಳ್ಳಲಾಯಿತು. ಹೋಟೆಲಿನಲ್ಲಿ ಹೆಂಡತಿ ನನ್ನೆದುರು ಕೂತು ಅದೇ ತಿಂಡಿ ತಿಂದು, ಮೇಜಿನ ಕೆಳಗೆ ಕಾಲಿನಿಂದ ವರದಿ ಸಲ್ಲಿಸತಕ್ಕದ್ದು:

ಅ) ಮೊಣಕಾಲ ಕೆಳಗೆ ಒಂದು ಏಟು: ಉಪ್ಪು ಕಡಿಮೆ.
ಆ) ಎರಡು ಏಟು: ಉಪ್ಪು ಜಾಸ್ತಿ.
ಇ) ಮೂರು ಏಟು: ಹಳಸಿದೆ, ಚಮಚ ಕೆಳಗಿಡಿ.
ಈ) ನನ್ನ ಪಾದದ ಮೇಲೆ ಪಾದವಿಟ್ಟು ಒತ್ತುವುದು: ಅಮೋಘ.

ಮಿಕ್ಕ ವಿವರಗಳನ್ನು ಮನೆಗೆ ನಡೆಯುತ್ತ ಕೇಳಿಕೊಳ್ಳುತ್ತಿದ್ದೆ. ಬರೆದದ್ದನ್ನು ಆಕೆ ಓದಿ ತಿದ್ದಿದ ಮೇಲೆಯೇ ತಮಗೆ ಕಳಿಸುತ್ತಿದ್ದೆ. ಹೀಗೆ ಹದಿನೇಳು ಅಂಕಣಗಳು ಅಚ್ಚಾದವು. ಎರಡು ತಿಂಗಳ ಹಿಂದೆ ತಾವು ಚಹಾದ ಲೋಟ ಕೆಳಗಿಟ್ಟು, “ಈಚೆಗೆ ನಿಮ್ಮ ಬರವಣಿಗೆಗೆ ಒಂದು ಹದ ಬಂದಿದೆ ಕಣ್ರೀ, ಮೊದಲೆಲ್ಲ ಬರೀ ಮೂಗು ಮುರೀತಿದ್ರಿ,” ಎಂದದ್ದು ನೆನಪಿರಬಹುದು. ಆ ಹೊಗಳಿಕೆಯನ್ನು ನಾನು ಮನೆಗೆ ಹೋಗಿ ನನ್ನದೇ ಎಂಬಂತೆ ಹೆಂಡತಿಗೆ ಹೇಳಿದೆ. “ಹೌದಾ, ಸಂತೋಷ,” ಎಂದು ಆಕೆ ಬಟ್ಟೆ ಮಡಿಸುತ್ತ ಕೂತಳು. ಆ ಕ್ಷಣ ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ.

5. ಇನ್ನು ಘಟನೆಯ ವಿವರ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆರು ಮೇಜಿನ ಒಂದು ಅಂಗಡಿ ಇದೆ. ದಿನಕ್ಕೆ ಒಂದೇ ದೊಡ್ಡ ಪಾತ್ರೆ ತರಕಾರಿ ಸೂಪು, ಜೊತೆಗೆ ಬ್ರೆಡ್ಡು, ಬೇರೇನೂ ಸಿಗುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನಡೆಸುತ್ತಿರುವ ಹೆಂಗಸನ್ನು ಎಲ್ಲರೂ ಸೂಪಿನಕ್ಕ ಎನ್ನುತ್ತಾರೆ, ಬೋರ್ಡಿನಲ್ಲೂ ಹಾಗೇ ಇದೆ. ಸದರಿ ಅಂಗಡಿಗೆ ನಾವಿಬ್ಬರೂ ಹೋದ ದಿನ ಹೆಂಡತಿಯ ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಚಪ್ಪಲಿ ಕಚ್ಚುತ್ತಿತ್ತು. ಸೂಪು ಬಂದಾಗ ಆಕೆ ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚಲು ಹೆಣಗುತ್ತಿದ್ದಳು. ಆ ಹೆಣಗಾಟದಲ್ಲಿ ಹಿಮ್ಮಡಿ ಜಾರಿ ನನಗೆ ಎರಡು ಏಟು ಬಿತ್ತು. ನಿಯಮ ನಾಲ್ಕು (ಆ) ಪ್ರಕಾರ ನಾನು ಮನಸ್ಸಿನಲ್ಲಿ ‘ಉಪ್ಪು ಜಾಸ್ತಿ’ ಎಂದು ಬರೆದುಕೊಂಡೆ.

ಚಪ್ಪಲಿ ಕಳಚಿದ ಮೇಲೆ ಆಕೆ ಸೂಪು ಕುಡಿದು, ಪಾದವೂರಿ ಬಲವಾಗಿ ಒತ್ತಿದಳಂತೆ. ಒತ್ತಿದ್ದು ಮೇಜಿನ ಅಡ್ಡಪಟ್ಟಿಯನ್ನು. ಬಟ್ಟಲು ಖಾಲಿಯಾಗುವವರೆಗೂ ಆಕೆ ಮೇಜಿಗೆ ‘ಅಮೋಘ, ಅಮೋಘ’ ಎಂದು ತಿಳಿಸುತ್ತಲೇ ಇದ್ದಳು. ಮೇಜು ನನಗೆ ತಿಳಿಸಲಿಲ್ಲ.

6. ಮನೆಗೆ ನಡೆಯುತ್ತ ಕೇಳಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅಂಗಡಿಯ ಬಾಗಿಲಲ್ಲೇ ಆಕೆಗೆ ಫೋನು ಬಂತು: ಊರಿನಲ್ಲಿ ಆಕೆಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಆಕೆ ಅಲ್ಲಿಂದಲೇ ಬಸ್ಸು ಹತ್ತಿದಳು. ಹನ್ನೆರಡು ದಿನ ಬರಲಿಲ್ಲ. ಆಸ್ಪತ್ರೆಯ ಗಡಿಬಿಡಿಯಲ್ಲಿದ್ದವಳನ್ನು ಫೋನಿನಲ್ಲಿ ಕೇಳದೆ, ನಾನು ಒಬ್ಬನೇ ಕೂತು ಬರೆದೆ. “ಚಮಚ ಬಾಯಿಗಿಟ್ಟ ಕೂಡಲೇ ಸಮುದ್ರ ನೆನಪಾಯಿತು, ಈಜು ಬಾರದವರು ಈ ಬಟ್ಟಲಿನಿಂದ ದೂರವಿರುವುದು ಕ್ಷೇಮ” ಎಂಬ ಸಾಲು ಹೊಳೆದಾಗ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಸೋಮವಾರ ಕಚೇರಿಯಲ್ಲಿ ಎಲ್ಲರೂ ಆ ಸಾಲನ್ನು ಹೇಳಿಕೊಂಡು ನಕ್ಕರು. ಮುದ್ರೆ ಒತ್ತುವವರೂ ನಕ್ಕರು.

7. ಊರಿನಿಂದ ಬಂದ ಹೆಂಡತಿ ಬ್ಯಾಗು ಕೆಳಗಿಡುವ ಮೊದಲೇ ಪತ್ರಿಕೆ ನೋಡಿದಳು.

“ಇದೇನ್ರೀ ಇದು? ಅಷ್ಟು ಚೆನ್ನಾಗಿತ್ತಲ್ರೀ ಆ ಸೂಪು!”

“ನೀನೇ ಎರಡು ಸಲ ಒದ್ದೆಯಲ್ಲ?”

“ನಾನ್ಯಾವಾಗ ಒದ್ದೆ? ಕಾಲು ಒತ್ತಿ ಒತ್ತಿ ಇಟ್ಟಿದ್ದೆ!”

ಅದೇ ಚಪ್ಪಲಿ, ನಮ್ಮ ಊಟದ ಮೇಜು, ಎರಡು ಖಾಲಿ ಬಟ್ಟಲು ಇಟ್ಟುಕೊಂಡು ಸ್ಥಳ ತನಿಖೆ ನಡೆಸಲಾಯಿತು. ಸತ್ಯಾಂಶ ಹೊರಬಿತ್ತು. ಮೊದಲು ನಾವಿಬ್ಬರೂ ನಕ್ಕೆವು, ಇದನ್ನು ಮುಚ್ಚಿಡುವುದಿಲ್ಲ. ಆಮೇಲೆ ಹೆಂಡತಿ, “ಪಾಪ, ಆಕೆ ಏನು ಮಾಡ್ಕೊಂಡಳೋ,” ಎಂದಳು. ನಗು ನಿಂತಿತು.

8. ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗೆ ಹೋದೆವು. ಆರು ಮೇಜಿನಲ್ಲಿ ಐದು ಖಾಲಿ. ಗೋಡೆಗೆ ನನ್ನ ಅಂಕಣ ಅಂಟಿಸಲಾಗಿತ್ತು. ನನ್ನ ಮೇಲಿನ ಸಿಟ್ಟಿನಿಂದ ಅಲ್ಲ, ತನಗೆ ತಾನೇ ಎಚ್ಚರಿಕೆ ಕೊಟ್ಟುಕೊಳ್ಳಲು ಎಂದು ಆಮೇಲೆ ತಿಳಿಯಿತು. ಸೂಪಿನಕ್ಕ ಪಾತ್ರೆಯಿಂದ ಒಂದು ಚಮಚ ತೆಗೆದು ಕುಡಿದರು. ತಲೆ ಕೆರೆದುಕೊಂಡರು. ಇನ್ನೊಂದು ಚಮಚ ಕುಡಿದರು. ಆಮೇಲೆ ಪಕ್ಕದ ಅಂಗಡಿಯ ದರ್ಜಿಯನ್ನು ಕರೆದರು. ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ ದರ್ಜಿ ಒಂದು ಗುಟುಕು ಕುಡಿದು, “ಚೆನ್ನಾಗಿದೆಯಮ್ಮಾ,” ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಹತ್ತು ದಿನದಿಂದ ಅವರಿಗೆ ದಿನಾ ಇದೇ ಕೆಲಸವಂತೆ.

ಅಷ್ಟರಲ್ಲಿ ಆಕೆ ನನ್ನನ್ನು ಗುರುತು ಹಿಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಚಮಚ ತುಂಬಿಸಿಕೊಂಡು ಮೇಜಿನವರೆಗೂ ಬಂದರು.

“ಸಾರ್, ನೀವೇ ಒಂಚೂರು ನೋಡಿ ಹೇಳಿ. ಈಗಲಾದ್ರೂ ಸರಿ ಇದ್ಯಾ? ನನಗೆ ಏನೂ ಗೊತ್ತಾಗ್ತಿಲ್ಲ. ಹತ್ತೊಂಬತ್ತು ವರ್ಷ ಹಾಕಿದ ಉಪ್ಪು ಜಾಸ್ತಿ ಅಂದ್ರೆ, ನನ್ನ ನಾಲಿಗೆ ಯಾವಾಗ ಕೆಟ್ಟುಹೋಯ್ತು ಸಾರ್?”

ನಾನು ಕುಡಿದೆ. ಬಿಸಿನೀರೋ, ಸೂಪೋ, ನನಗೆ ಎರಡೂ ಒಂದೇ. ಹೆಂಡತಿ ನನ್ನ ಕೈಯಿಂದ ಚಮಚ ಕಿತ್ತುಕೊಂಡು ಪಾತ್ರೆಯ ಬಳಿಗೇ ಹೋಗಿ ಕುಡಿದು ನೋಡಿದಳು.

“ಅಕ್ಕಾ, ಇದಕ್ಕೆ ಉಪ್ಪೇ ಇಲ್ಲ. ಮೊದಲಿನ ಹಾಗೇ ಹಾಕಿ.”

“ನೀವು ಹಾಗಂತೀರಾ. ನಿಮ್ಮ ಯಜಮಾನ್ರು ಪೇಪರಲ್ಲಿ ಹಾಕಿದ್ದಾರಲ್ಲಮ್ಮಾ.”

ಆಗ ಹೇಳಿದೆ. ನೆಗಡಿಯಿಂದ ಹಿಡಿದು ಚಪ್ಪಲಿಯವರೆಗೆ, ಒಂದನ್ನೂ ಬಿಡದೆ. ಕೇಳಿದ ಸೂಪಿನಕ್ಕ ಎದುರಿನ ಕುರ್ಚಿಯಲ್ಲಿ ಕುಸಿದರು.

“ಅಂದ್ರೆ ಕೆಟ್ಟಿದ್ದು ನಿಮ್ಮ ನಾಲಿಗೆನಾ? ನನ್ನದಲ್ವಾ?”

“ನಿಮ್ಮದಲ್ಲ.”

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಲ್ಲದ ನಾಲಿಗೆಯಿಂದ ನಾನು ಇರುವ ನಾಲಿಗೆಯೊಂದನ್ನು ಕಿತ್ತುಕೊಂಡಿದ್ದೆ. ಮಾನ್ಯರೇ, ಇಷ್ಟು ವರ್ಷ ನಾನು ಬರೆದದ್ದನ್ನು ಯಾರೋ ಒಬ್ಬರು ಹೀಗೆ ಒಲೆಯ ಮುಂದೆ ನಿಂತು ನಂಬುತ್ತಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ.

“ನನಗೆ ಹೇಳಿದ್ರೆ ಸಾಕಾ ಸಾರ್?” ಎಂದರು ಆಕೆ ಸಾವರಿಸಿಕೊಂಡು. “ಓದಿದೋರಿಗೆಲ್ಲ ಯಾರು ಹೇಳ್ತಾರೆ? ತಿಂಗಳ ಕೊನೆಗೆ ಅಂಗಡಿ ಬಿಟ್ಟುಕೊಡ್ತೀನಿ ಅಂತ ಕಟ್ಟಡದವರಿಗೆ ಹೇಳಿಯಾಗಿದೆ. ಜನ ಬಂದ್ರೆ ಬೇಡ ಅಂತೀನಿ. ಬರಬೇಕಲ್ಲ.”

9. ಮಂಗಳವಾರ ತಮಗೆ ಫೋನು ಮಾಡಿ, ಕಾರಣ ಹೇಳದೆ, ತಿದ್ದುಪಡಿ ಹಾಕಿ ಎಂದೆ. “ಮುದ್ರಣದೋಷ ಅಂತ ಎರಡು ಸಾಲು ಹಾಕಿಬಿಡೋಣ, ನಿಮ್ಮ ಹೆಸರೂ ಕೆಡಲ್ಲ,” ಎಂದಿರಿ. ನನಗೆ ಅದು ಹಿಡಿಸಿತು. ಇದನ್ನು ಹೆಂಡತಿಗೆ ತಿಳಿಸಿದಾಗ ಹೊರಟ ಆದೇಶ (ಉಲ್ಲೇಖ 3) ಈ ಕೆಳಗಿನಂತಿದೆ:

“ಅಚ್ಚು ಜೋಡಿಸೋರ ತಲೆ ಮೇಲೆ ಹಾಕ್ತೀರಾ ಈಗ? ನಿಮ್ಮ ತಪ್ಪು ನೀವೇ ಬರೀರಿ. ಇಲ್ಲಾಂದ್ರೆ ನಾನು ಬರೀತೀನಿ.”

ಸದರಿ ಆದೇಶದ ಎರಡೂ ಭಾಗಗಳನ್ನು ಜಾರಿಗೆ ತರಬಹುದೆಂದು ನನಗೆ ತೋರಿತು.

10. ಎಂಟನೇ ಅಂಶದಲ್ಲಿ ಬಿಟ್ಟುಹೋದದ್ದು. ಅಂದು ನಾವು ಹೊರಡಲು ಎದ್ದಾಗ ಸೂಪಿನಕ್ಕ ತಡೆದರು. ಪಾತ್ರೆಗೆ ಮುಷ್ಟಿಯಲ್ಲಿ ಉಪ್ಪು ಹಾಕಿ ಕಲಕಿದರು. ರುಚಿ ನೋಡಲಿಲ್ಲ, ದರ್ಜಿಯನ್ನೂ ಕರೆಯಲಿಲ್ಲ. ಎರಡು ಬಟ್ಟಲು ತಂದಿಟ್ಟರು. ನನಗೆ ಕೊಟ್ಟು ಯಾಕೆ ದಂಡ ಮಾಡುತ್ತೀರಿ ಎಂದೆ.

“ರುಚಿ ಗೊತ್ತಾಗದಿದ್ರೆ ಏನಂತೆ, ಬಿಸಿ ಗೊತ್ತಾಗತ್ತಲ್ಲ? ಕುಡೀರಿ,” ಎಂದರು.

ಕುಡಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ, ತಿಂಗಳು ಮುಗಿಯಲು ಇನ್ನು ಒಂದೇ ಭಾನುವಾರ ಉಳಿದಿರುವ ಪ್ರಯುಕ್ತ, ತಾವು ದಯಮಾಡಿ:

ಕ) ಲಗತ್ತಿಸಿದ ತಪ್ಪೊಪ್ಪಿಗೆಯನ್ನು ಈ ಭಾನುವಾರವೇ, ಅದೇ ಪುಟದ ಅದೇ ಮೂಲೆಯಲ್ಲಿ, ನನ್ನ ಫೋಟೋ ಸಮೇತ ಪ್ರಕಟಿಸಬೇಕು. ಅಂಗಡಿಯ ದಾರಿಯನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು.

ಖ) ಮುಂದಿನ ವಾರದಿಂದ ಅಂಕಣವನ್ನು ‘ಉಂಡವಳ ಮಾತು’ ಎಂದು ಬದಲಿಸಿ ನನ್ನ ಹೆಂಡತಿಗೆ ವಹಿಸಬೇಕು. ತಾವು ಮೆಚ್ಚಿದ ಹದ ಆಕೆಯದೇ ಆದ್ದರಿಂದ ತಮಗೆ ಹೊಸದೇನೂ ಅನಿಸದು. ಆಕೆಯ ಷರತ್ತು ಒಂದೇ: ಯಜಮಾನರು ಜೊತೆಗೆ ಬರಬಹುದು, ಆದರೆ ಹೋಟೆಲಿನಲ್ಲಿ ಬಾಯಿ ತೆರೆಯುವುದು ತಿನ್ನಲು ಮಾತ್ರ.

ಗ) ಐದು ತಿಂಗಳು ತಮ್ಮನ್ನು ನಂಬಿಸಿದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಶುಕ್ರವಾರದ ಚಹಾ ಮುಂದುವರಿಸುವುದು ಬಿಡುವುದು ತಮ್ಮ ವಿವೇಚನೆಗೆ ಬಿಟ್ಟದ್ದು. ಮುಂದುವರಿದರೆ ಸಂತೋಷ.

ಇನ್ನು ಮುಂದಾದರೂ ನಿಜವಾಗಿ
ತಮ್ಮ ವಿಶ್ವಾಸಿ,
‘ಉಂಡವನು’ (ನಿವೃತ್ತ)

ಲಗತ್ತುಗಳು:
1. ತಪ್ಪೊಪ್ಪಿಗೆ, ಎರಡು ಪುಟ. ಹೆಂಡತಿ ಓದಿದ್ದಾಳೆ.
2. ಡಾಕ್ಟರ ಚೀಟಿ.
3. ನನ್ನ ಕೊನೆಯ ಅಂಕಣ. ತಪ್ಪೊಪ್ಪಿಗೆಯ ಕೆಳಗೆ ಪ್ರಕಟಿಸತಕ್ಕದ್ದು. ಪೂರ್ಣ ಪಾಠ ಹೀಗಿದೆ: “ಸೂಪಿನಕ್ಕನ ಸೂಪು ಬಿಸಿಯಾಗಿತ್ತು. ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡೆ.”

ವಿಶೇಷ ಕೋರಿಕೆ: ಮೂರನೇ ಲಗತ್ತು ಅಂಕಣದ ಜಾಗ ತುಂಬುವುದಿಲ್ಲವೆಂದು ಅದಕ್ಕೆ ಏನನ್ನೂ ಸೇರಿಸಬಾರದು. ನನಗೆ ಗೊತ್ತಿರುವುದು ಅಷ್ಟೇ.